ಜೋಗುಳಕ್ಕೆ ಡ್ರಮ್ಸ್

ಮದುವೆಯ ಆರತಕ್ಷತೆಯಲ್ಲಿ ಜೋಗುಳ ಹಾಡಬಾರದೆಂದು ನನಗೆ ಯಾರೂ ಹೇಳಿರಲಿಲ್ಲ. ಬ್ರಹ್ಮಾವರದ ಸಭಾಭವನವೊಂದರಲ್ಲಿ, ಮದುಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳಲು ಜನ ಸಾಲುಗಟ್ಟಿ ನಿಂತಿದ್ದಾಗ, ಕಪ್ಪುಬಿಳುಪು ಕಾಲದ ಸಿನಿಮಾದ ಜೋಗುಳವೊಂದನ್ನು ಎತ್ತಿಕೊಂಡೆ. ಅಮ್ಮ ಅಡುಗೆಮನೆಯಲ್ಲಿ ರೇಡಿಯೊದ ಜೊತೆ ಗುನುಗಿ ಗುನುಗಿ ನನಗೆ ಬಾಯಿಪಾಠವಾಗಿದ್ದ ಹಾಡು ಅದು.

ಅಂದು ನಮ್ಮ ಆರ್ಕೆಸ್ಟ್ರಾಕ್ಕೆ ಹೊಸದಾಗಿ ಬಂದಿದ್ದ ಗಿಟಾರಿನವರು ಬೀಜಾಡಿ ಊರಿನವರು. ಮೊದಲ ಚರಣ ಮುಗಿದು ಕೊಳಲಿನ ಜಾಗ ಬಂತು. ಕೀಬೋರ್ಡಿನಲ್ಲಿ ಕೊಳಲು ಹೊರಡುವ ಮೊದಲೇ ಅವರು ಗಿಟಾರಿನ ದಪ್ಪ ತಂತಿಗಳ ಮೇಲೆ ಕೈಹಾಕಿ ಗುಡುಗಿಸಿಬಿಟ್ಟರು. ಡ್ರಮ್ಸಿನವನಿಗೂ ಹುರುಪು ಬಂತು. ಐಸ್‌ಕ್ರೀಮ್ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಬೇರೆ ದಾರಿಯಿಲ್ಲದೆ ನಾನೂ ದನಿ ಏರಿಸಿ ಹಾಡಿ ಮುಗಿಸಿದೆ. ಚಪ್ಪಾಳೆ ಬಿತ್ತು. ನನಗೆ ಮಾತ್ರ ಅಳು ಬರುವಷ್ಟು ಸಿಟ್ಟು.

"ಹ್ವಾಯ್, ಅದ್ ಜೋಗುಳ ಮಾರಾಯ್ರೆ. ಎಂತಕ್ಕೆ ಹಾಂಗ್ ಬಡ್ದದ್ದ್?" ಎಂದು ವೇದಿಕೆಯ ಹಿಂದೆ ಹಿಡಿದು ಕೇಳಿದೆ.

ಅವರು ವಯರು ಸುತ್ತುತ್ತಾ ತಣ್ಣಗೆ ಹೇಳಿದರು: "ಮಗು ನಿದ್ದಿ ಮಾಡ್ತಿಲ್ಲೆ. ಆ ತಾಯಿಗೆ ಹೆದ್ರಿಕೆ ಆಯ್ತ್. ಆ ಹೆದ್ರಿಕೆ ಕೊಳಲಲ್ಲಿ ಕೇಂತಿಲ್ಲೆ ಅಲ್ದಾ? ಅದ್ಕೆ."

ಮನೆಗೆ ಬಂದು ಹಾಡನ್ನು ಇನ್ನೊಮ್ಮೆ ಕೇಳಿದೆ. ಅಷ್ಟು ವರ್ಷ ನಾನು ಸಿಹಿಯೆಂದುಕೊಂಡಿದ್ದ ಸಾಲುಗಳ ಕೆಳಗೆ ಒಬ್ಬ ಹೆಂಗಸು ಕಂಗೆಟ್ಟು ಕೂತಿದ್ದಳು. ಮರುವರ್ಷ ಅವರನ್ನೇ ಮದುವೆಯಾದೆ.

ನಮ್ಮದೇ ಒಂದು ಸಣ್ಣ ತಂಡ ಕಟ್ಟಿದೆವು. ಅವರ ಗಿಟಾರು, ನನ್ನ ಹಾಡು, ಒಬ್ಬ ಕೀಬೋರ್ಡಿನವ, ಒಬ್ಬ ಡ್ರಮ್ಸಿನವ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಮದುವೆ, ಶಾಲಾ ವಾರ್ಷಿಕೋತ್ಸವ, ಕಡಲ ಬದಿಯ ರೆಸಾರ್ಟು ಎಲ್ಲ ನಮ್ಮದೇ. ನಾವು ಆರಿಸುತ್ತಿದ್ದುದು ನಮ್ಮ ಅಪ್ಪ ಅಮ್ಮಂದಿರ ಕಾಲದ ಹಾಡುಗಳನ್ನು. ನುಡಿಸುತ್ತಿದ್ದುದು ರಾಕ್ ಸಂಗೀತದ ಹಾಗೆ. ಬಾಗಿಲಲ್ಲಿ ನಿಂತು ಗಂಡನಿಗಾಗಿ ಕಾಯುವವಳ ಹಾಡೊಂದಿತ್ತು. ಮೂಲದಲ್ಲಿ ಅದಕ್ಕೆ ಸಿತಾರು, ಗೆಜ್ಜೆ, ನಡುನಡುವೆ ನಿಟ್ಟುಸಿರು. ಇವರು ಎಲ್ಲ ತೆಗೆದುಹಾಕಿ ಡ್ರಮ್ಸಿನ ಒಂದೇ ಪೆಟ್ಟನ್ನು ಉಳಿಸಿದರು, ಯಾರೋ ಕದ ಬಡಿದ ಹಾಗೆ. ಪ್ರತಿ ಸಲ ಆ ಪೆಟ್ಟು ಬಿದ್ದಾಗಲೂ ನಾನು ಬಾಗಿಲತ್ತ ನೋಡುತ್ತಿದ್ದೆ. "ಹಳೇ ಹಾಡಿನ ಕುತ್ತಿಗಿ ಹಿಸುಕ್ತ್ರಿ" ಎಂದು ಬೈದ ಹಿರಿಯರಿದ್ದರು. ಬೈಯುತ್ತಲೇ ಕೊನೆಯವರೆಗೆ ಕೂತು ಕೇಳಿದವರೂ ಅವರೇ.

ಕೆಡುಕು ಶುರುವಾದದ್ದು ಕಿರಿಮಂಜೇಶ್ವರದ ಒಂದು ಕಾರ್ಯಕ್ರಮದಲ್ಲಿ. ಹಾಡಿನ ನಡುವೆ ಇವರು ಕೀಬೋರ್ಡಿನವನತ್ತ ತಿರುಗಿ ಕಣ್ಣು ಕೆಕ್ಕರಿಸತೊಡಗಿದರು. ಮುಗಿದ ಮೇಲೆ ಅವನ ಮೇಲೆ ಹರಿಹಾಯ್ದರು.

"ಶ್ರುತಿ ಸಮ ಇಲ್ಲೆ ನಿಂದ್. ಕೆವಿ ಇಲ್ಯಾ ನಿಂಗೆ?"

"ಅಣ್ಣ, ಇದ್ ಮಷಿನ್. ಶ್ರುತಿ ಹ್ಯಾಂಗ್ ತಪ್ಪತ್ತ್?" ಎಂದು ಅವನು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ. ನನಗೂ ಶ್ರುತಿ ಸರಿಯಾಗಿಯೇ ಕೇಳಿತ್ತು.

ಕಾರಿನಲ್ಲಿ ಬರುವಾಗ ಇವರು ಒಂದು ಕಿವಿ ಮುಚ್ಚಿಕೊಂಡು, ಮತ್ತೊಂದನ್ನು ಮುಚ್ಚಿಕೊಂಡು, "ಒಂದ್ ಸ್ವರ ಹಾಡ್" ಎಂದರು. ಹಾಡಿದೆ. ಬಲಗಿವಿಗೆ ಒಂದು ಸ್ವರ ಕೇಳುತ್ತಿತ್ತಂತೆ, ಎಡಗಿವಿಗೆ ಅದೇ ಸ್ವರ ಇನ್ನೊಂದಾಗಿ ಕೇಳುತ್ತಿತ್ತಂತೆ.

ಕುಂದಾಪುರದ ಕಿವಿ ಡಾಕ್ಟರು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗ ಗುಂಡಿ ಒತ್ತಿ ಎಂದರು. ನಾನು ಹೊರಗಿನಿಂದ ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಆ ಬೆರಳು ಬಹಳ ಹೊತ್ತು ಅಲುಗಲಿಲ್ಲ. ದೇಹ ತನ್ನದೇ ಒಳಗಿವಿಯನ್ನು ವೈರಿಯೆಂದು ತಿಳಿದು ತಿನ್ನುತ್ತಿದೆ, ಕೆಲವರಲ್ಲಿ ಹೀಗಾಗುತ್ತದೆ ಎಂದರು ಡಾಕ್ಟರು. ಮಾತ್ರೆ ಕೊಟ್ಟರು. ಇಂಜೆಕ್ಷನ್ ಕೊಟ್ಟರು.

ಒಂದು ವಾರದಲ್ಲಿ ಕಿವಿ ಮರಳಿತು. ನಾನು ಹುಚ್ಚಿಯಂತೆ ಕುಣಿದಾಡಿದೆ. ಬೆಳಿಗ್ಗೆ ಎದ್ದವರು ಅಂಗಳದಲ್ಲಿ ನಿಂತು "ಕಾಗೆ ಕೇಂತಿತ್ತ್! ಕಾಗೆ ಕೇಂತಿತ್ತ್ ಮಾರಾಯ್ತಿ!" ಎಂದು ಕೂಗಿದ್ದು ನೆನಪಿದೆ. ಮಾತ್ರೆ ಕಡಿಮೆ ಮಾಡುತ್ತಾ ಬಂದ ಹಾಗೆ ಕಿವಿಯೂ ಕಡಿಮೆಯಾಗುತ್ತಾ ಬಂತು. ಮತ್ತೆ ಮಾತ್ರೆ, ಮತ್ತೆ ಇಂಜೆಕ್ಷನ್. ಎರಡನೆಯ ಸಲ ಅರ್ಧವೂ ಮರಳಲಿಲ್ಲ. ಮೂರನೆಯ ಸಲ ಏನೂ ಆಗಲಿಲ್ಲ.

ಮೊದಲು ಹೋದದ್ದು ಎತ್ತರದ ಸ್ವರಗಳು. ಅಂದರೆ ಕೊಳಲು, ಪಿಟೀಲು, ಹೆಂಗಸಿನ ದನಿ. ಇವರು ಮಂಚದ ಮೇಲೆ ಕೂತು ಫೋನಿನಲ್ಲಿ ತಮಗಿಷ್ಟದ ಹಳೆಯ ಹಾಡುಗಳನ್ನು ಒಂದೊಂದಾಗಿ ಹಾಕಿ ಕಿವಿಗೆ ಒತ್ತಿ ಹಿಡಿಯುತ್ತಿದ್ದರು. ಇಡೀ ಮನೆಗೆ ಕೇಳುವ ಹಾಡು ಅವರಿಗಿಲ್ಲ. "ಹಾಡ್ ಎಲ್ಲಿ ಹೋಯ್ತ್? ಬರೀ ತಬಲಾ ಇತ್ತ್" ಎನ್ನುತ್ತಿದ್ದರು. ನಮ್ಮ ತಂಡದ ರೆಕಾರ್ಡಿಂಗ್ ಹಾಕಿದರೆ ಗಿಟಾರಿನ ದಪ್ಪ ತಂತಿಗಳ ಗುಂಯ್‌ಗುಡುವಿಕೆ, ಡ್ರಮ್ಸಿನ ಹೊಡೆತ ಕೇಳುತ್ತಿತ್ತು. ಅದರ ಮೇಲೆ ನಾನಿರಬೇಕಾದ ಕಡೆ ಖಾಲಿ.

ನಾನು ಬಿಡಲಿಲ್ಲ. ಬಚ್ಚಲುಮನೆಯಲ್ಲಿ ದನಿ ದೊಡ್ಡದಾಗುತ್ತದೆಂದು ಅಲ್ಲಿ ಕೂರಿಸಿ ಹಾಡಿದೆ. ಕಿವಿಗೆ ಬಾಯಿ ಹಚ್ಚಿ ಹಾಡಿದೆ. ಗಂಡಸರ ಶ್ರುತಿಗೆ ಇಳಿಸಿ, ಗಂಟಲು ಒಡೆಯುವಷ್ಟು ಕೆಳಗೆ ಹೋಗಿ ಹಾಡಿದೆ. "ಈಗ ಕೇಂತಿತ್ತಾ? ಈಗ?" ಅವರು ಕಣ್ಣುಮುಚ್ಚಿ ಆಲಿಸುತ್ತಿದ್ದರು, ಆಮೇಲೆ ನನ್ನ ಭುಜ ತಟ್ಟಿ, "ಸಾಕ್, ನಿನ್ ಗಂಟ್ಲ್ ಹಾಳಾತ್ತ್" ಎನ್ನುತ್ತಿದ್ದರು. ಕಿವಿಗೆ ಯಂತ್ರ ಬಂತು. ಹತ್ತಿರ ನಿಂತು ಬಾಯಿ ತೋರಿಸಿ ಮಾತಾಡಿದರೆ ಮಾತು ತಿಳಿಯುತ್ತಿತ್ತು. ಸಂಗೀತ ಮಾತ್ರ ಸ್ಟೀಲ್ ತಟ್ಟೆಗಳ ರಾಶಿ ಬಿದ್ದ ಹಾಗೆ ಕೇಳುತ್ತಿತ್ತಂತೆ.

ಅಂಥ ಸ್ಥಿತಿಯಲ್ಲಿ ಯಡ್ತರೆಯ ಒಂದು ಆರತಕ್ಷತೆಗೆ ಹೊರಟರು. "ಮುಂಚೆಯೇ ಒಪ್ಪಿದ್ದ್. ಡ್ರಮ್ಸಿನವನ ಕಾಲ್ ಕಂಡ್ಕಂಡ್ ನುಡಿಸ್ತೆ" ಎಂದರು. ತಡೆಯಲು ನನಗೆ ಮನಸ್ಸಾಗಲಿಲ್ಲ.

ಮೊದಲ ಹಾಡುಗಳು ಹೇಗೋ ದಾಟಿದವು. ಆಮೇಲೆ ಜೋಗುಳ. ಅದರ ಆರಂಭದಲ್ಲಿ ಡ್ರಮ್ಸ್ ಇಲ್ಲ. ನನ್ನ ದನಿ, ಹಿಂದೆ ಗಿಟಾರಿನ ಒಂದೇ ತಂತಿ, ಅಷ್ಟೆ. ನೋಡಲು ಡ್ರಮ್ಸಿನವನ ಕಾಲು ಅಲುಗುತ್ತಿಲ್ಲ. ನನ್ನ ತುಟಿಗೆ ಮೈಕ್ ಅಡ್ಡ. ನಾನು ಪಲ್ಲವಿ ಶುರುಮಾಡಿದೆ. ಗಿಟಾರ್ ಬರಲಿಲ್ಲ. ಎರಡನೆಯ ಸಾಲಿಗೆ ಹೋದೆ. ಅವರು ಬೆರಳನ್ನು ತಂತಿಯ ಮೇಲಿಟ್ಟು ನನ್ನನ್ನೇ ದಿಟ್ಟಿಸುತ್ತಿದ್ದರು. ಕೊನೆಗೆ ನನ್ನ ಹತ್ತಿರ ಬಂದು ಬಗ್ಗಿ ಕೇಳಿದರು:

"ನೀನ್ ಹಾಡ್ತಾ ಇದ್ಯಾ?"

ಮೈಕ್ ಅದನ್ನು ಹಿಡಿದು ಇಡೀ ಸಭಾಭವನಕ್ಕೆ ಕೇಳಿಸಿತು. ಗಂಡ ಹೆಂಡತಿಯ ತಮಾಷೆಯೆಂದುಕೊಂಡು ಜನ ಗೊಳ್ಳನೆ ನಕ್ಕರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಗಿಟಾರನ್ನು ಸ್ಟ್ಯಾಂಡಿಗೆ ಒರಗಿಸಿ ಮೆಟ್ಟಿಲಿಳಿದು ಹೋದರು. ಕೀಬೋರ್ಡಿನವ ಮೆಲ್ಲಗೆ ಶ್ರುತಿ ಹಿಡಿದ. ಹಾಡನ್ನು ಹೇಗೆ ಮುಗಿಸಿದೆನೋ ನನಗೆ ಗೊತ್ತಿಲ್ಲ.

ಅವರು ಸ್ಪೀಕರ್ ತಂದ ಓಮ್ನಿಯಲ್ಲಿ ಖಾಲಿ ಪೆಟ್ಟಿಗೆಗಳ ನಡುವೆ ಕೂತಿದ್ದರು. "ಜನ ನೆಗಾಡಿದ್ದ್ ಮನ್ಸಿಗ್ ಹಚ್ಕಣ್ಬೇಡಿ" ಎಂದೆ.

"ನೆಗಾಡಿದ್ದ್ ಕೇಂಡಿಲ್ಲೆ. ಕಂಡೆ" ಎಂದರು.

ತಂಡ ಅಲ್ಲಿಗೆ ಮುಗಿಯಿತು. ನಾನು ಬೇರೆಯವರ ಆರ್ಕೆಸ್ಟ್ರಾದಲ್ಲಿ ಹಳೆಯ ಹಾಡುಗಳನ್ನು ಹಳೆಯ ರೀತಿಯಲ್ಲೇ ಹಾಡತೊಡಗಿದೆ. ಮನೆಯಲ್ಲಿ ಗುನುಗುವುದನ್ನು ಬಿಟ್ಟೆ. ಮೀನು ತೊಳೆಯುವಾಗ ನನ್ನ ಗಂಟಲು ಅಲುಗಿದ್ದನ್ನು ಕಂಡು ಅವರು ಒಮ್ಮೆ, "ಎಂತ ಹಾಡ್ ಅದ್?" ಎಂದು ಕೇಳಿದ್ದರು. ಅವರ ಮುಖ ನೋಡಲಾಗಲಿಲ್ಲ. ಅವರೆದುರು ಹಾಡುವುದೆಂದರೆ ಹಸಿದವರೆದುರು ಕೂತು ಉಂಡ ಹಾಗೆ. ಅವರೋ ದಿನವಿಡೀ ಕಡಲ ಬದಿಗೆ ಹೋಗಿ ಕೂರುತ್ತಿದ್ದರು. ಅಲೆಯ ಸದ್ದಾದರೂ ಕೇಳುತ್ತದೆಯೇ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಒಂದು ಸಂಜೆ ಅವರು ಬರುವುದು ತಡವಾದಾಗ ಚಪ್ಪಲಿಯನ್ನೂ ಮೆಟ್ಟದೆ ಮರಳಿನಲ್ಲಿ ಓಡಿದ್ದೇನೆ. ಅವರು ದೋಣಿಯ ನೆರಳಲ್ಲಿ ಮಲಗಿದ್ದರು. ಕೂಗಿದರೆ ಕೇಳುವುದಿಲ್ಲವಲ್ಲ, ಹತ್ತಿರ ಹೋಗಿ ಮೈ ಮುಟ್ಟುವವರೆಗೂ ನನ್ನ ಜೀವ ನನ್ನಲ್ಲಿರಲಿಲ್ಲ.

ಅದಾದ ಕೆಲವು ದಿನಗಳಿಗೆ, ನಾನು ಎಂದೂ ವೇದಿಕೆಯಲ್ಲಿ ಹಾಡದ ಒಂದು ಹಳೆಯ ಹಾಡಿಗೆ ಅವರು ಗಿಟಾರು ಕೈಗೆತ್ತಿಕೊಂಡರು. ಗಂಡ ತೀರಿಕೊಂಡವಳು ಭತ್ತ ಕುಟ್ಟುತ್ತಾ ಹಾಡುವ ಹಾಡು. ಗಿಟಾರಿನ ಮರವನ್ನು ಎದೆಯ ಎಲುಬಿಗೆ ಒತ್ತಿಕೊಂಡು ನುಡಿಸಿದರು. ಜೊತೆಗೆ ಹಾಡೆಂದು ಸನ್ನೆ ಮಾಡಿದರು, ಹಾಡಿದೆ. ಮುಗಿದ ಮೇಲೆ, "ಹ್ಯಾಂಗಾಯ್ತ್?" ಎಂದರು.

"ಲಾಯ್ಕ್ ಆಯ್ತ್" ಎಂದೆ. ಅವರು ಗಿಟಾರು ಹಿಡಿದದ್ದೇ ನನಗೆ ಸಾಕಾಗಿತ್ತು.

ಇನ್ನೊಮ್ಮೆ ನುಡಿಸಿದರು. ಈ ಸಲ ಒಂದು ತಂತಿ ಹಲ್ಲು ಜುಮ್ಮೆನ್ನುವಷ್ಟು ಅಪಸ್ವರ. "ಈಗ?"

"ಮೊದ್ಲಿಂದಕ್ಕಿಂತ ಲಾಯ್ಕ್ ಆಯ್ತ್."

ಅವರು ಗಿಟಾರನ್ನು ಮಡಿಲಿಗಿಳಿಸಿ ನನ್ನನ್ನೇ ನೋಡಿದರು. "ಬೇಕಂತ್ಲೇ ತಂತಿ ಸಡ್ಲ ಮಾಡಿದ್ದೆ ನಾನ್" ಎಂದರು. "ನನ್ ಕೆವಿ ಹೋಯ್ತ್. ನಿನ್ ಕೆವಿ ಇತ್ತಲ್ದಾ ಅಂದ್ಕಂಡಿದ್ದೆ. ನೀನೂ ಸುಳ್ಳ್ ಹೇಳ್ರೆ ನಾನ್ ಯಾರನ್ ಕೇಂಬುದ್?"

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅವರು ಸಮಾಧಾನ ಮಾಡಲು ಬರಲಿಲ್ಲ. ಕೂತು ತಂತಿ ಬಿಗಿದರು. ಎಷ್ಟು ಬಿಗಿಯಬೇಕೆಂದು ತಿಳಿಯದೆ ನನ್ನತ್ತ ನೋಡಿದರು. ನಾನು ಕಣ್ಣೊರೆಸಿಕೊಂಡು ಬೆರಳು ಮೇಲೆತ್ತಿ ತೋರಿಸಿದೆ, ಇನ್ನೂ, ಇನ್ನೂ, ಸಾಕು. ಆಮೇಲೆ ಅವರ ಮುಖದೆದುರು ಕೂತು ಬಿಡಿಸಿ ಬಿಡಿಸಿ ಹೇಳಿದೆ: ಪಲ್ಲವಿಯಲ್ಲಿ ಗಿಟಾರು ಅತಿಯಾಯಿತು, ನನ್ನ ಉಸಿರಿಗೆ ಜಾಗವಿಲ್ಲ, ಒನಕೆಯ ಪೆಟ್ಟು ಬೀಳಬೇಕಾದ ಕಡೆ ಬೀಳುತ್ತಿಲ್ಲ.

"ಎಲ್ಲಿ ಬೀಳ್ಕ್?" ಎಂದರು. ಅವರ ಮೊಣಕಾಲ ಮೇಲೆ ತಟ್ಟಿ ತೋರಿಸಿದೆ.

ಎಡಗಿವಿ ಈಗ ಪೂರ್ತಿ ಹೋಗಿದೆ. ಬಲಗಿವಿಯದೂ ಅದೇ ದಾರಿ ಎಂದಿದ್ದಾರೆ ಡಾಕ್ಟರು. ಆ ಹಾಡು ಇನ್ನೂ ಸರಿಹೋಗಿಲ್ಲ. ಹೋಗುತ್ತದೆಂದು ನಾನು ಹೇಳಲಾರೆ. ದಿನಾ ಬೆಳಿಗ್ಗೆ ಗಂಜಿ ಉಂಡು ಕೂರುತ್ತೇವೆ. ನಿನ್ನೆ ಎರಡನೆಯ ಚರಣವನ್ನೇ ಬಿಟ್ಟುಬಿಡಿ ಎಂದೆ, ಅಲ್ಲಿ ನೀವು ಏನು ನುಡಿಸಿದರೂ ಕೆಡುತ್ತದೆ ಎಂದೆ. ಅವರಿಗೆ ಸಿಟ್ಟು ಬಂತು. ಕಿವಿಯ ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟು, ನನ್ನ ಒಂದು ಮಾತೂ ಒಳಗೆ ಬರದಂತೆ ಮಾಡಿಕೊಂಡು, ಅದೇ ಚರಣವನ್ನು ಮತ್ತೆ ಮತ್ತೆ ನುಡಿಸುತ್ತಾ ಕೂತರು.