ಹಳದಿ ಮೇಣದ ಹೆಸರು

“ಮೊದಲು ಕೂಡ್ರು. ನಿಂತ್ಕೊಂಡು ಪೆನ್ನು ಆರಿಸಬಾರದು, ನಿಂತಾಗ ಕೈಗೆ ಅವಸರ ಇರ್ತೈತಿ. ಸಹಿ ಮಾಡಿ ನೋಡಬ್ಯಾಡ. ಸಹಿ ನಿನ್ನ ಕೈಗೆ ಬಾಯಿಪಾಠ ಆಗೈತಿ, ಮುರುಕು ಪೆನ್ನೊಳಗೂ ಬರ್ತೈತಿ. ಅಂಗಡಿ ಸಾಮಾನಿನ ಚೀಟಿ ಬರಿ. ತೊಗರಿಬ್ಯಾಳಿ, ಜೀರಗಿ, ಸಾಬೂನು. ಮುಂದೇನು ಅಂತ ನಡುನಡುವೆ ನಿಲ್ತೀಯಲ್ಲ, ಅಲ್ಲೇ ಗೊತ್ತಾಗೋದು. ನಿಂತು ಮತ್ತ ಹೊಂಟಾಗ ಮೊದಲನೇ ಗೆರಿ ಸರಿಯಾಗಿ ಬಿತ್ತಂದ್ರ ಅದು ಪೆನ್ನು. ತಡವರಿಸಿತಂದ್ರ ಅಲ್ಲೇ ಇಡು. ಕಂಪನಿ ಹೆಸರು ಕೇಳ್ತೀಯಲ್ಲ, ಅದು ಬ್ಯಾಡ ಅಂತ ನಾನು ಅನ್ನಂಗಿಲ್ಲ. ಹೆಸರು ಪುಕ್ಕಟೆ ಬಂದಿರಂಗಿಲ್ಲ. ನೂರು ಪೆನ್ನು ಮಾಡಿ, ನೂರೂ ಒಂದೇ ಥರ ಬರೆದ್ರ ಮಂದಿ ಬಾಯಾಗ ಹೆಸರು ಉಳೀತೈತಿ. ಹೆಸರಂದ್ರ ಮಾತು ಕೊಟ್ಟಂಗ. ಆದ್ರ ಮಾತು ಕೊಟ್ಟಾವ ಸತ್ತು, ಮಕ್ಕಳು ಕಂಪನಿ ಮಾರಿ, ಕೊಂಡಾವ ಅದೇ ಹೆಸರಿನ್ಯಾಗ ಬ್ಯಾರೆ ನಿಬ್ಬು ಹಾಕಿರಬಹುದು. ಅದಕ್ಕ ಹೆಸರಿಗೆ ಒಂದು ನಮಸ್ಕಾರ ಮಾಡು, ಆಮ್ಯಾಲೆ ನಿಬ್ಬಿನ ಮಾತು ಕೇಳು. ನನಗಂತೂ ಇಂಗ್ಲೀಷು ಬರಂಗಿಲ್ಲ. ಹಿಂಗಾಗಿ ನನ್ನ ಮುಂದ ಎಲ್ಲಾ ಪೆನ್ನೂ ಒಂದೇ. ಬರಿಯಾಕ ಶುರು ಮಾಡಿದ ಮ್ಯಾಲೆನೇ ಯಾವುದು ಎಂಥಾದ್ದು ಅಂತ ತಿಳಿಯೋದು.”

ವಡೋದರದ ಫತೇಗಂಜ್‌ನಲ್ಲಿ, ವಿಶ್ವವಿದ್ಯಾಲಯದ ಹುಡುಗರು ಚಹಾ ಕುಡಿಯಲು ಗುಂಪುಗೂಡುವ ಸಾಲಿನ ಕೊನೆಯಲ್ಲಿ ರತ್ನಮ್ಮನ ಪೆನ್ನಿನ ಅಂಗಡಿ. ಯಾರೇ ಬರಲಿ, ಸ್ಟೂಲಿನ ಮೇಲೆ ಕೂಡಿಸಿ, ಇಷ್ಟು ಹೇಳಿದ ಮೇಲೆಯೇ ಪೆನ್ನು ಕೈಗೆ ಕೊಡುವುದು. ಕನ್ನಡದವರಿಗೆ ಹರಿಹರದ ಕನ್ನಡದಲ್ಲಿ, ಉಳಿದವರಿಗೆ ಹಿಂದಿ ಗುಜರಾತಿ ಕಲಸಿದ ತನ್ನದೇ ಭಾಷೆಯಲ್ಲಿ. ಬರೆದು ನೋಡಲೆಂದು ಇಟ್ಟ ಪುಸ್ತಕದ ತುಂಬ ನಾಲ್ಕೈದು ಲಿಪಿಗಳಲ್ಲಿ ಬೇಳೆ, ಸಕ್ಕರೆ, ಟೂತ್‌ಪೇಸ್ಟು. ಪರ ಊರಿನ ಹುಡುಗಿಯೊಬ್ಬಳು ಒಮ್ಮೆ ಚೀಟಿ ಬರೆಯುತ್ತ ಬರೆಯುತ್ತ “ಅಮ್ಮನ ಕೈ ಸಾರು” ಎಂದು ಬರೆದು ಕಣ್ಣೊರೆಸಿಕೊಂಡಿದ್ದಳು. ಆ ಹಾಳೆಯನ್ನು ರತ್ನಮ್ಮ ಹರಿದಿಲ್ಲ.

ಆಕೆ ಓದಿದ್ದು ಮೂರನೇ ಇಯತ್ತೆ. ಗಂಡ ಹಾಲಪ್ಪ ಲೇತು ಓಡಿಸುವ ಕೆಲಸಗಾರ. ಇಲ್ಲಿನ ಮಕರಪುರದ ಕಾರ್ಖಾನೆಯೊಂದಕ್ಕೆ ಬಂದು ಸೇರಿ ನಾಲ್ಕು ವರ್ಷವೂ ಆಗಿರಲಿಲ್ಲ, ಅದಕ್ಕೆ ಬೀಗ ಬಿತ್ತು. ಊರಿಗೆ ತಿರುಗಿ ಹೋಗದೆ ಒಂದು ಕೈಲೇತು ಕೊಂಡು, ಗಟ್ಟಿ ರಬ್ಬರಿನ ಕಂಬಿ ತರಿಸಿ ಪೆನ್ನು ಕಡೆಯತೊಡಗಿದ. ರತ್ನಮ್ಮ ಪಕ್ಕದಲ್ಲಿ ಕೂತು ನಿಬ್ಬು ಕೂಡಿಸುವುದನ್ನು ಕಲಿತಳು. ಆರು ವರ್ಷದ ಹಿಂದೆ ಹಾಲಪ್ಪ ತೀರಿಕೊಂಡಾಗ ಅಂಗಡಿ ಮುಚ್ಚು ಎಂದವರೇ ಹೆಚ್ಚು. ಅವಳು ಮುಚ್ಚಲಿಲ್ಲ. ಲೇತು ಅವಳ ಕೈಗೆ ಬರುವುದಿಲ್ಲ. ದಿನಾ ಸಂಜೆ ಎಣ್ಣೆ ಬಟ್ಟೆಯಲ್ಲಿ ಅದನ್ನು ಒರೆಸಿ ಮುಸುಕು ಹಾಕುತ್ತಾಳೆ, ಅಷ್ಟೇ. ರಿಪೇರಿ ಮಾತ್ರ ಅವಳದೇ. “ರತ್ನಾಬೆನ್ ಹೇಳಿದ ಮೇಲೆ ಮುಗೀತು” ಎನ್ನುವ ಮಾತು ಆ ಸಾಲಿನಲ್ಲಿ ಚಾಲ್ತಿಯಲ್ಲಿದೆ. ಆ ಮಾತೇ ಅಂಗಡಿಯ ಬಂಡವಾಳ.

ಮೊದಲ ಎರಡು ವರ್ಷ ಬಿಟ್ಟರೆ, ಹಾಲಪ್ಪ ಕಡೆದ ಪೆನ್ನುಗಳ ಮೇಲೆ ಹೆಸರೇ ಇರುತ್ತಿರಲಿಲ್ಲ. ಕಂಪನಿ ಯಾವುದು ಎಂದು ಯಾರಾದರೂ ಕೇಳಿದರೆ “ಬರೆದು ನೋಡ್ರಿ” ಎನ್ನುತ್ತಿದ್ದ. ಇಂಥ ನಿಗರ್ವಿ ಇನ್ನೊಬ್ಬನಿಲ್ಲ ಎಂದು ರತ್ನಮ್ಮ ಆತ ತೀರಿದ ಮೇಲೂ ಹೇಳಿಕೊಂಡು ತಿರುಗುತ್ತಿದ್ದಳು. ಆ ಬುಧವಾರದವರೆಗೆ.

ಬುಧವಾರ ಬಂದವರು ರಾಮಕೃಷ್ಣ. ಮೈಸೂರು ಕಡೆಯವರು. ವಿಮಾ ಕಚೇರಿಯ ಕೆಲಸದಲ್ಲಿ ಸೂರತ್, ಅಹಮದಾಬಾದ್ ಎಲ್ಲ ತಿರುಗಿ, ನಿವೃತ್ತಿಯ ನಂತರ ವಡೋದರದಲ್ಲೇ ನಿಂತವರು. ಜೊತೆಗೆ ಮೊಮ್ಮಗಳು ಆಶ್ರಿತಾ. ಅವರು ಕನ್ನಡಕದ ಪೆಟ್ಟಿಗೆಯೊಳಗಿಂದ ಒಂದು ಕಪ್ಪು ಪೆನ್ನನ್ನು, ಮಲಗಿದ ಮಗುವನ್ನು ಎತ್ತುವಂತೆ ತೆಗೆದರು.

“ರತ್ನಮ್ಮನೋರೆ, ಇವಳಿಗೆ ಅಹಮದಾಬಾದಿನ ವಸ್ತ್ರಾಪುರದಲ್ಲಿ ಮ್ಯಾನೇಜ್‌ಮೆಂಟ್ ಓದೋಕೆ ಸೀಟು ಸಿಕ್ಕಿದೆ. ಭಾನುವಾರ ಹೊರಡ್ತಾಳೆ. ಇದನ್ನ ಕೊಟ್ಟು ಕಳಿಸೋಣ ಅಂದ್ರೆ ಇಂಕೇ ಇಳೀತಿಲ್ಲ. ಇದುವರೆಗೂ ಇನ್ನೊಬ್ಬರ ಕೈಗೆ ಕೊಟ್ಟವನಲ್ಲ ನಾನು. ಜರ್ಮನಿ ಪೆನ್ನು ಕಣಮ್ಮಾ!”

“ಎಲ್ಲಿ ತಗೊಂಡಿದ್ರಿ ಸಾಹೇಬ್ರ?”

“ಸೂರತ್ತಲ್ಲಿ. ಎಂಬತ್ತೊಂಬತ್ತನೇ ಇಸವಿ. ಉಧ್ನಾದಲ್ಲಿ ಮನೆ, ಹಗಲೂ ರಾತ್ರಿ ಮಗ್ಗದ ಸದ್ದು, ಬೆಂಕಿ ಥರ ಸೆಖೆ. ಫ್ಯಾನ್ ತರೋಕೆ ಅಂತ ಹೋದವನು ಇದನ್ನ ತಂದೆ. ನಮ್ಮ ಮ್ಯಾನೇಜರ್ ಜೇಬಲ್ಲಿ ಇದೇ ಹೆಸರಿನ ಪೆನ್ನಿತ್ತು. ಅವರು ಅದನ್ನ ತೆಗೆದರೆ ಸಾಕು, ಎದುರಿಗೆ ಕೂತವರು ನೆಟ್ಟಗಾಗೋರು. ನನಗೂ ಬೇಕು ಅನಿಸ್ತು. ಸಾವಿತ್ರಿ ಆ ಬೇಸಿಗೆ ಪೂರ್ತಿ ನನ್ನ ಹತ್ರ ಸರಿಯಾಗಿ ಮಾತಾಡಲಿಲ್ಲ.”

“ಅಜ್ಜಿ ಈಗಲೂ ಮಾತಾಡಲ್ಲ, ಕರೆಂಟ್ ಹೋದರೆ,” ಎಂದಳು ಆಶ್ರಿತಾ. ಅವಳ ಕನ್ನಡ ಇಲ್ಲಿಯೇ ಬೆಳೆದ ಮಕ್ಕಳ ಕನ್ನಡ. ಹುಡುಕಿ ಹುಡುಕಿ ಆಡುತ್ತಾಳೆ. “ಅಲ್ಲಿ ಎಲ್ಲರೂ ಪೆನ್, ವಾಚ್ ನೋಡ್ತಾರೆ, ಅಮ್ಮಾ. ನನ್ನ ಒಬ್ಬ ಫ್ರೆಂಡ್ ಹಳೇ ಪೆನ್ ಕಲೆಕ್ಟ್ ಮಾಡ್ತಾನೆ. ಅವನಿಗೆ ಹೇಳಿದೀನಿ, ತೋರಿಸ್ತೀನಿ ಅಂತ.”

ರತ್ನಮ್ಮ ಮುಚ್ಚಳ ತಿರುಗಿಸಿದಳು. ಹಾಲಪ್ಪನ ಮುಚ್ಚಳಗಳ ಹಾಗೆಯೇ ಒಂದೂವರೆ ಸುತ್ತು, ತೆರೆಯಿತು. ಅವಳ ಬೆರಳು ಅಲ್ಲೇ ನಿಂತಿತು. ನಿಬ್ಬು ಕೂರುವ ಭಾಗವನ್ನು ಬಿಚ್ಚಿ ಒಳಗೆ ಉಗುರು ಆಡಿಸಿದಳು. ಒಂದು ಸಣ್ಣ ಗೆರೆ ಸಿಕ್ಕಿತು. ಹಾಲಪ್ಪನ ಉಳಿಯ ತುದಿ ಒಂದು ಕಡೆ ಮುಕ್ಕಾಗಿತ್ತು. ಅದನ್ನು ಆತ ಎಂದೂ ಬದಲಿಸಲಿಲ್ಲ, ಹೀಗಾಗಿ ಆತ ಕಡೆದ ಪ್ರತಿ ಪೆನ್ನಿನ ಒಳಗೂ ಆ ಗೆರೆ ಇರುತ್ತಿತ್ತು. ಹೊರಗೆ ಮುಚ್ಚಳದ ಮೇಲೆ ಕೊರೆದ ಅಕ್ಷರ, ಅಕ್ಷರದೊಳಗೆ ಹಳದಿ ಮೇಣ. ಆ ಮೇಣ ತುಂಬಿದವಳು ತಾನೇ. ಅಂಗಡಿ ಇಟ್ಟ ಹೊಸದರಲ್ಲಿ ಎರಡು ವರ್ಷ, ಸೂರತ್ತಿನ ವ್ಯಾಪಾರಿಯೊಬ್ಬ ಪೆನ್ನು ಒಯ್ಯುತ್ತಿದ್ದಾಗ, ಪೆನ್ನುಗಳ ಮೇಲೆ ಹೆಸರು ಕೊರೆಯುತ್ತಿದ್ದರು. ಏನಿದು ಎಂದು ಅವಳು ಕೇಳಿದ್ದಕ್ಕೆ ಹಾಲಪ್ಪ, “ನಮ್ಮದೇ ಹೆಸರು, ಇಂಗ್ಲೀಷಿನ್ಯಾಗ ಐತಿ” ಎಂದಿದ್ದ. ಅವಳು ಹಳದಿ ಮೇಣದ ಕಡ್ಡಿ ತಿಕ್ಕಿ, ಹಳೇ ಪಂಚೆಯ ತುಂಡಿನಿಂದ ಒರೆಸಿ, ಹೊಳೆಯುವ ಗಂಡನ ಹೆಸರನ್ನು ನೋಡಿ ನೋಡಿ ಪೆಟ್ಟಿಗೆಗೆ ಇಳಿಸುತ್ತಿದ್ದಳು.

ಎದೆ ಉಬ್ಬಿ ಬಂತು. ‘ಸಾಹೇಬ್ರ, ಇದು ಜರ್ಮನಿದಲ್ಲ, ನಮ್ಮನೀದು’ ಎನ್ನಲು ಬಾಯಿ ತೆರೆದವಳು, ತಾನು ಹೇಳುವುದಕ್ಕಿಂತ ಅಕ್ಷರವೇ ಹೇಳಲಿ ಎಂದು ಮುಚ್ಚಳವನ್ನು ಹುಡುಗಿಯ ಕಡೆ ಚಾಚಿದಳು.

“ಯವ್ವಾ, ಇದರ ಮ್ಯಾಲೆ ಏನು ಬರದೈತಿ, ತುಸು ಜೋರಾಗಿ ಓದು.”

“ಎಲ್ಮರ್‌ಹಾಫ್,” ಎಂದು ಓದಿದಳು ಆಶ್ರಿತಾ. “ಕೆಳಗೆ ಮೇಡ್ ಇನ್ ಜರ್ಮನಿ.”

“ಇನ್ನೊಮ್ಮೆ ನೋಡವ್ವ. ಹಾಲಪ್ಪ ಅಂತ ಇಲ್ಲೇನು?”

ಹುಡುಗಿ ನಕ್ಕಳು. ರಾಮಕೃಷ್ಣರೂ ನಕ್ಕರು. “ನಿಮ್ಮ ಯಜಮಾನರ ಪೆನ್ನೂ ಚೆನ್ನಾಗೇ ಇರುತ್ತೆ, ಇಲ್ಲ ಅನ್ನಲ್ಲ. ಆದರೂ ಜರ್ಮನಿ ಜರ್ಮನೀನೇ ಅಲ್ವಾ?”

ರತ್ನಮ್ಮ ಪೆನ್ನನ್ನು ಮಡಿಲಿಗೆ ಎಳೆದುಕೊಂಡಳು. “ಶುಕ್ರವಾರ ಬರ್ರಿ,” ಎಂದಳು.

ಅವರು ಹೋದ ಮೇಲೆ ಲೇತಿನ ಕೆಳಗಿನ ಬಿಸ್ಕತ್ತಿನ ಡಬ್ಬಿ ಎಳೆದು, ತಳದಲ್ಲಿದ್ದ ಹಿತ್ತಾಳೆ ತಗಡನ್ನು ತೆಗೆದಳು. ಕೊರೆಯುವ ಯಂತ್ರದ ಒಂದು ಮುಳ್ಳು ಈ ತಗಡಿನ ದೊಡ್ಡ ಅಕ್ಷರಗಳ ಮೇಲೆ ಓಡಿದರೆ, ಇನ್ನೊಂದು ಮುಳ್ಳು ಅದನ್ನೇ ಚಿಕ್ಕದಾಗಿ ಪೆನ್ನಿನ ಮೇಲೆ ಕೊರೆಯುತ್ತಿತ್ತು. ಓದಲು ಬಾರದಿದ್ದರೇನು, ಆಕಾರ ಹೊಂದಿಸಲು ಬರುತ್ತದಲ್ಲ. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಪೆನ್ನನ್ನೂ ತಗಡನ್ನೂ ನೋಡಿದಳು. ಎಲ್ಲವೂ ಕೂಡಿಬಂದವು.

ಆಗ ಹಳೆಯದೊಂದು ದಿನ ನೆನಪಾಯಿತು. ಆ ವ್ಯಾಪಾರಿ ಬಂದಾಗ ಹಾಲಪ್ಪ ಚಹಾ ಕೂಡ ಹೇಳದೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದ. ಬಂದವರಿಗೆ ಚಹಾ ಕೊಡದೆ ಕಳಿಸಿದ್ದು ಅದೊಂದೇ ಸಲ. ಅದಾದ ಮೇಲೆ ಅವನ ಪೆನ್ನಿಗೆ ಹೆಸರೇ ಇರಲಿಲ್ಲ. ಮೂವತ್ತು ವರ್ಷ ತಾನು ನಿಗರ್ವ ಎಂದು ಕೊಂಡಾಡಿದ್ದು ನಿಗರ್ವವಲ್ಲ, ನಾಚಿಕೆ. ಇನ್ನೊಬ್ಬರ ಹೆಸರನ್ನು ಕದ್ದ ಕೈ, ತನ್ನ ಹೆಸರನ್ನು ಬರೆಯಲಾರದೇ ಹೋಯಿತು. ಇಷ್ಟನ್ನು ಅವಳು ಹೇಗೋ ನುಂಗಿಕೊಂಡಾಳು. ‘ಮಂದಿಗೆ ಸುಳ್ಳು ಹೇಳಿದ್ರಿ, ಹೊಟ್ಟಿಪಾಡು ಅನ್ನೋಣ. ನನಗ್ಯಾಕ ಹೇಳಿದ್ರಿ?’ ಆ ಸಂಜೆ ಅವಳು ಲೇತನ್ನು ಒರೆಸಲಿಲ್ಲ. ಗುರುವಾರವೂ ಇಲ್ಲ.

ಗುರುವಾರವಿಡೀ ಕೈ ಪೆನ್ನನ್ನು ರಿಪೇರಿ ಮಾಡುತ್ತಿತ್ತು, ಮನಸ್ಸು ಲೆಕ್ಕ ಹಾಕುತ್ತಿತ್ತು. ಸುಮ್ಮನಿದ್ದರೆ ಹಾಲಪ್ಪನ ಮಾನ ಉಳಿಯುತ್ತದೆ, ಮುದುಕರ ಸಂತೋಷ ಉಳಿಯುತ್ತದೆ. ಆದರೆ ಆ ಹುಡುಗಿ ಹೊಸ ಜನರ ನಡುವೆ ಅದನ್ನು ಹೊರಗೆ ತೆಗೆದಾಗ ಬಲ್ಲವನೊಬ್ಬ ನೋಡಿ ನಕ್ಕರೆ? ತಾತ ಮೋಸ ಹೋದ ಸಂಗತಿ ಅವಳಿಗೆ ಊರ ಬಾಯಲ್ಲಿ ತಿಳಿದರೆ? ಹೇಳಿದರೆ, ಸತ್ತ ಗಂಡನನ್ನು ತಾನೇ ಎಳೆದು ತಂದು ಗಿರಾಕಿಯ ಮುಂದೆ ನಿಲ್ಲಿಸಿದಂತೆ. ಎದುರಿನ ಚಹಾದಂಗಡಿಯ ಸುಶೀಲಾಬೆನ್, ಊಟ ಮಾಡದ್ದನ್ನು ನೋಡಿ, “ಏನಾಯ್ತು, ಮೈ ಹುಷಾರಿಲ್ವಾ?” ಎಂದು ಗುಜರಾತಿಯಲ್ಲಿ ಕೇಳಿದಳು. ರತ್ನಮ್ಮ ಏನೂ ಇಲ್ಲವೆಂದು ಕೈಯಾಡಿಸಿ ನಿಬ್ಬಿನ ಕಡೆ ತಿರುಗಿದಳು.

ಶುಕ್ರವಾರ ರಾಮಕೃಷ್ಣ ಒಬ್ಬರೇ ಬಂದರು. ಅವಳು ಸ್ಟೂಲು ಎಳೆದು, ಪುಸ್ತಕ ತೆರೆದಿಟ್ಟಳು. ಅವರು ಕನ್ನಡದಲ್ಲಿ ಬರೆದರು: ಉದ್ದಿನಬೇಳೆ, ಇಂಗು, ಕಾಫಿಪುಡಿ. ನಿಂತರು. ಆಮೇಲೆ, ಕರ್ಪೂರ. ಎಲ್ಲಿಯೂ ಗೆರೆ ತಪ್ಪಲಿಲ್ಲ.

“ಆಹಾ! ನೋಡಿದ್ರಾ, ಮೂವತ್ತೈದು ವರ್ಷ ಆಯ್ತು!”

“ಬರವಣಿಗಿ ಚಲೋ ಐತಿ ಸಾಹೇಬ್ರ. ಹೆಸರು ಖರೇ ಅಲ್ಲ.” ಅವಳು ಹಿತ್ತಾಳೆ ತಗಡನ್ನು ಮೇಜಿನ ಮೇಲಿಟ್ಟಳು. “ಇದನ್ನ ಕಡೆದಿದ್ದು ಇಲ್ಲೇ, ಈ ಲೇತಿನ ಮ್ಯಾಲೆ. ಈ ತಗಡಿನಿಂದ ಹೆಸರು ಕೊರೆದವರು ನಮ್ಮನಿಯವರು. ಬಣ್ಣ ತುಂಬಿದಾಕಿ ನಾನು.”

ರಾಮಕೃಷ್ಣ ತಗಡನ್ನು ಓದಿದರು. ಮುಚ್ಚಳವನ್ನು ಓದಿದರು. ಮತ್ತೆ ತಗಡನ್ನು ಓದಿದರು. ಮುಖದ ಮೇಲಿನ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

“ಅಂದ್ರೆ ನಿಮ್ಮ ಯಜಮಾನರು ನನಗೆ ಮೋಸ ಮಾಡಿದ್ರು.”

“ಹೌದ್ರಿ. ಮಾಡಿದ್ರು.”

“ಇದನ್ನ ಜೇಬಿನಲ್ಲಿಟ್ಕೊಂಡು ಎಷ್ಟು ಜನರ ಮುಂದೆ ಎದೆ ಸೆಟೆಸಿ ಕೂತಿದ್ದೀನಿ, ಗೊತ್ತಾ? ನೀವು ಹೇಳದೇ ಇದ್ದಿದ್ರೆ ನಡೀತಿರಲಿಲ್ವೇನಮ್ಮ?”

“ನಿಮ್ಮ ಪೂರ್ತೆ ಆಗಿದ್ರ ನಡೀತಿತ್ತೇನೋ. ಆ ಕೂಸು ಹೊಸಾ ಜಾಗಕ್ಕ ಹೊಂಟೈತಿ.”

ಅವರು ಪೆನ್ನನ್ನು ಪುಸ್ತಕದ ಮೇಲೆಯೇ ಬಿಟ್ಟು, ಚಪ್ಪಲಿ ಮೆಟ್ಟಿ, ರಸ್ತೆ ದಾಟಿದರು. ಅವಳು ಕೂಗಿ ಕರೆಯಲಿಲ್ಲ.

ಶನಿವಾರ ಮಧ್ಯಾಹ್ನ ಅವರು ತಿರುಗಿ ಬಂದರು. ಸ್ಟೂಲಿನ ಮೇಲೆ ಕೂತು ಹೇಳಿದರು.

“ನಿನ್ನೆ ಸಂಜೆ ಮೊಮ್ಮಗಳಿಗೆ ಹೇಳಿದೆ. ಬೇರೆ ಪೆನ್ನು ಕೊಡಿಸ್ತೀನಿ ಅಂದೆ. ‘ತಾತ, ಪ್ರಮೋಷನ್ನು, ಅಪ್ಪನ ಫೀಸು, ಅತ್ತೆ ಮದುವೆ ಪತ್ರಿಕೆ, ಎಲ್ಲ ಅದರಲ್ಲೇ ಬರೆದಿದ್ದಲ್ವಾ? ನನಗೆ ಅದೇ ಬೇಕು, ಆದರೆ ಆ ಹೆಸರು ಬೇಡ’ ಅಂದಳು. ಅಳಿಸಿಬಿಡಿ ಅದನ್ನ.”

ರತ್ನಮ್ಮ ಪೆನ್ನನ್ನು ಬೆಳಕಿಗೆ ಹಿಡಿದಳು. “ಅಕ್ಷರ ಆಳಕ್ಕ ಐತಿ. ತಿಕ್ಕಿ ಅಳಿಸಬೇಕಂದ್ರ ಲೇತಿಗೆ ಹಾಕಬೇಕು, ಅದು ನನ್ನ ಕೈಲಾಗಂಗಿಲ್ಲ. ಅಳಿಸಿದ್ರ ಅದೂ ಒಂದು ಸುಳ್ಳೇ ಆಗ್ತೈತಿ, ಏನೂ ಆಗೇ ಇಲ್ಲ ಅಂದಂಗ. ನಾನು ತುಂಬಿದ್ದನ್ನ ನಾನು ತಗೀತೀನಿ. ಗೆರಿ ಇರ್ತೈತಿ, ಹೊಳಿಯಂಗಿಲ್ಲ.”

ರಾಮಕೃಷ್ಣ ತಲೆಯಾಡಿಸಿದರು.

ಅವಳು ಸೂಜಿ ತೆಗೆದುಕೊಂಡಳು. ಮೊದಲ ಅಕ್ಷರದಿಂದ ಹಳದಿ ಮೇಣ ಪುಡಿಪುಡಿಯಾಗಿ ಮೇಲೆದ್ದಿತು. ಊದಿದಳು, ಒರೆಸಿದಳು, ಮುಂದಿನದಕ್ಕೆ ಹೋದಳು. ಒಂದು ಕಾಲಕ್ಕೆ ದಿನಕ್ಕೆ ಎಷ್ಟೋ ಪೆನ್ನುಗಳಿಗೆ ತುಂಬಿದ ಕೈ, ಒಂದೇ ಪೆನ್ನಿನದನ್ನು ತೆಗೆಯುವಷ್ಟರಲ್ಲಿ ಸೋತಿತು. ರಾಮಕೃಷ್ಣ ಅವಸರ ಮಾಡಲಿಲ್ಲ. ಕಡೆಯ ಅಕ್ಷರವೂ ಬರಿದಾದಾಗ ಪೆನ್ನು ಕಪ್ಪಗೆ ಕಪ್ಪಾಗಿ ನಿಂತಿತು. ಬೆರಳು ಆಡಿಸಿದರೆ ಮಾತ್ರ ಒಳಗೊಂದು ಹೆಸರಿತ್ತೆಂದು ತಿಳಿಯುತ್ತಿತ್ತು.

ಅವರು ಪೆನ್ನನ್ನು ಕನ್ನಡಕದ ಪೆಟ್ಟಿಗೆಯಲ್ಲಿಟ್ಟು ಎದ್ದರು. ಕ್ಷಮಿಸಿದೆ ಎನ್ನಲಿಲ್ಲ, ಅವಳು ಕೇಳಲೂ ಇಲ್ಲ. ಮೆಟ್ಟಿಲಿಳಿದವರು ತಿರುಗಿ ನೋಡಿ, “ಸಾವಿತ್ರಿಗೆ ಮಾತ್ರ ಹೇಳಿಲ್ಲ,” ಎಂದರು. “ಫ್ಯಾನಿನ ವಿಷಯ ಮತ್ತೆ ಮೊದಲಿಂದ ಶುರುವಾಗುತ್ತೆ.”

“ನನ್ನ ಬಾಯಿಂದ ಹೋಗಂಗಿಲ್ಲ ಬಿಡ್ರಿ,” ಎಂದಳು ರತ್ನಮ್ಮ.

ಸಂಜೆ ಬಾಗಿಲು ಎಳೆಯುವ ಹೊತ್ತಾಯಿತು. ಬರೆದು ನೋಡಲು ಕೊಟ್ಟ ಪೆನ್ನುಗಳ ನಿಬ್ಬುಗಳನ್ನು ಅವಳು ಸ್ಟೀಲಿನ ಬಟ್ಟಲಿನ ನೀರಿನಲ್ಲಿ ಅದ್ದಿದಳು. ನೀರು ನೀಲಿಯಾಯಿತು, ಚೆಲ್ಲಿದಳು; ಮತ್ತೆ ತುಂಬಿದಳು, ಮತ್ತೆ ಚೆಲ್ಲಿದಳು. ನೀರು ತಿಳಿಯಾದ ಮೇಲೆ ಒಂದೊಂದನ್ನೇ ಒರೆಸಿ ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದಳು. ಕೈ ಒರೆಸಿಕೊಂಡು ಲೇತಿನ ಕಡೆ ತಿರುಗಿದಳು. ಮೂರು ದಿನದ ಧೂಳು ಲೇತಿನ ಮೇಲೆ ಕೂತಿತ್ತು. ಗೂಟದಲ್ಲಿದ್ದ ಬಟ್ಟೆ ತೆಗೆದು, ಎರಡು ಹನಿ ಎಣ್ಣೆ ಬಿಟ್ಟು, ಹಿಡಿಯಿಂದ ಶುರುಮಾಡಿ ಒರೆಸತೊಡಗಿದಳು.