ಯಜಮಾನರೇ ಓದಿದ ಏಳನೇ ಅಧ್ಯಾಯ

೧೯೯೪ರಲ್ಲಿ, ಒಂಬತ್ತನೇ ತರಗತಿಯ ನಡುವೆ, ನಾನು ಓದು ನಿಲ್ಲಿಸಿದೆ. ಫೇಲಾಗಿ ಅಲ್ಲ; ಮನೆಗೆ ದುಡಿಯುವ ಕೈ ಬೇಕಿತ್ತು, ಬಿಟ್ಟೆ. ೨೦೨೩ರಲ್ಲಿ ನಾನು ನ್ಯೂಯಾರ್ಕಿನ ಬೆಲ್‌ರೋಸ್‌ನಲ್ಲಿ, ಹಿಲ್‌ಸೈಡ್ ಅವೆನ್ಯೂವಿನ ಒಂದು ಹೋಟೆಲಿನಲ್ಲಿ ದೋಸೆ ಮಾಸ್ಟರ್. ಕಾವಲಿಯ ಮುಂದೆ ನಿಂತೇ ಕಾದಂಬರಿ ಬರೆಯುತ್ತಿದ್ದೆ.

ಕೈತುಂಬ ಹಿಟ್ಟಿರುವವನು ಬರೆಯುವುದು ಹೇಗೆ? ಆರ್ಡರ್ ನೋಡಲು ಅಡುಗೆಮನೆಯ ಗೋಡೆಗೆ ಒಂದು ಟ್ಯಾಬ್ಲೆಟ್ ಹಾಕಿದ್ದರು. ಅದರ ನೋಟ್ಸ್ ಆ್ಯಪ್‌ನಲ್ಲಿ ಮೈಕ್ ಒತ್ತಿ ಮಾತಾಡಿದರೆ ಕನ್ನಡ ಅಕ್ಷರ ಮೂಡುತ್ತಿತ್ತು. ಪಾತ್ರಕ್ಕೊಂದು ಫೋಲ್ಡರ್ ಮಾಡಿದೆ. ಕಿವಿಗೆ ಬಿದ್ದ ಒಳ್ಳೆಯ ಸಾಲಿಗೆ ‘ಮಾತು’, ಇಂಗಿನ ಒಗ್ಗರಣೆಯಂಥದ್ದಕ್ಕೆ ‘ವಾಸನೆ’ ಎಂದು ಟ್ಯಾಗ್, ಅಂದರೆ ಗುರುತಿನ ಚೀಟಿ, ಅಂಟಿಸುತ್ತಿದ್ದೆ. ಅಧ್ಯಾಯ ಕಟ್ಟುವಾಗ ಟ್ಯಾಗ್ ಒತ್ತಿದರೆ ಬೇಕಾದ್ದೆಲ್ಲ ಒಟ್ಟಿಗೆ ಬರುತ್ತಿತ್ತು.

ನನಗೆ ಗೊತ್ತಿಲ್ಲದಿದ್ದದ್ದು ಸಿಂಕ್. ಟ್ಯಾಬ್ಲೆಟ್ ಯಜಮಾನರ ಅಕೌಂಟಿನದು. ಅಲ್ಲಿ ಮೂಡಿದ್ದು ತಾನಾಗಿಯೇ ಅವರ ಫೋನಿನಲ್ಲೂ ಮೂಡುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ, ಹಾಲ್ ತುಂಬಿದ್ದಾಗ, ಅವರ ದನಿ ಕೇಳಿಸಿತು.

“ಎಲ್ರೂ ಕೇಳಿ! ನಮ್ ದೋಸೆ ಮಾಸ್ಟರ್ ಲವ್ ಸ್ಟೋರಿ ಬರೀತಿದಾರೆ. ನೈನ್ತ್ ಫೇಲು!”

ನನ್ನ ನಾಯಕಿ ಫೋನಿನಲ್ಲಿ ಗಂಡನಿಗೆ ಹೇಳುವ ಸಾಲನ್ನು ಹೆಣ್ಣುದನಿ ಮಾಡಿ ಓದಿದರು: “ಊಟ ಆಯ್ತು ಅನ್ಬೇಡಿ, ನಿಮ್ ದನಿ ಇನ್ನೂ ಹಸಿದಿದೆ.” ಜನ ನಕ್ಕರು. ಆ ಮಾತು ತೀರಿಹೋದ ನನ್ನ ಹೆಂಡತಿಯದು.

ಮರುವಾರವೂ ಓದಿದರು. ಗಿರಾಕಿಗಳೇ “ಅಂಕಲ್, ಇವತ್ತು ಸ್ಟೋರಿ ಇಲ್ವಾ?” ಎನ್ನತೊಡಗಿದರು.

ಎಲ್ಲವನ್ನೂ ಅಳಿಸಲು ಬೆರಳೆತ್ತಿದವನು ಇಳಿಸಿದೆ. ಯಜಮಾನರು ಮೊದಲೇ ಓದಿಕೊಳ್ಳುವವರಲ್ಲ, ನೇರ ಜನರೆದುರೇ ತೆರೆಯುವವರು. ಅದನ್ನೇ ನಂಬಿ ಏಳನೇ ಅಧ್ಯಾಯ ಬರೆದೆ. ಮೊದಲ ಪರದೆಯಷ್ಟು ಪ್ರೇಮ. ಅದರ ಕೆಳಗೆ ಹೊಸ ಪಾತ್ರ: ‘ಅಮ್ಮ ಮೈಸೂರಿಂದ ಕಳಿಸೋ ಪುಡಿ’ ಎಂದು ಬೋರ್ಡ್ ಹಾಕಿ, ಬೆಳಿಗ್ಗೆ ಬಾಗಿಲು ಮುಚ್ಚಿಕೊಂಡು ಅಂಗಡಿ ಪ್ಯಾಕೆಟ್ಟನ್ನು ಹಿತ್ತಾಳೆ ಡಬ್ಬಿಗೆ ಸುರಿಯುವ ಒಬ್ಬ ಹೋಟೆಲ್ ಯಜಮಾನ. ನಮ್ಮ ಬಿಸಿಬೇಳೆಬಾತಿಗೂ ಅದೇ ಬೋರ್ಡು, ಅದೇ ಡಬ್ಬಿ.

ಶನಿವಾರ ಬಂತು. ಪ್ರೇಮಕ್ಕೆ ಜನ ನಕ್ಕರು. ಬೋರ್ಡಿನ ಸಾಲಿಗೆ ಯಜಮಾನರೂ ನಕ್ಕರು. ಪ್ಯಾಕೆಟ್ ಒಡೆದು ಡಬ್ಬಿಯ ಮುಚ್ಚಳ ತೆಗೆಯುವಲ್ಲಿ ದನಿ ನಿಂತಿತು.

“ಓದಿ ಅಂಕಲ್, ಯಾಕೆ ಸ್ಟಾಪ್ ಮಾಡಿದ್ರಿ?”

“ಅಷ್ಟೇಮ್ಮಾ, ಮುಗೀತು.”

“ಇನ್ನೂ ಇದೆ ಸಾರ್,” ಎಂದೆ ಅಡುಗೆಮನೆಯ ಕಿಂಡಿಯಿಂದ. “ಸ್ಕ್ರೋಲ್ ಮಾಡಿ.”

ಪಕ್ಕದ ಟೇಬಲ್ಲಿನ ಆಂಟಿಯೊಬ್ಬರು ಫೋನ್ ಕಸಿದುಕೊಂಡು ಉಳಿದದ್ದನ್ನು ಗಟ್ಟಿಯಾಗಿ ಓದಿ ಮುಗಿಸಿದರು. ಆಮೇಲೆ ತಮ್ಮ ಬಿಸಿಬೇಳೆಬಾತಿನ ತಟ್ಟೆಯನ್ನು ಮೆಲ್ಲಗೆ ದೂಡಿದರು. “ಹಾಗಾದ್ರೆ ಇಷ್ಟು ವರ್ಷ ನಿಮ್ಮಮ್ಮನ ಕೈರುಚಿ ಅಂತ ನಾನು ಹೊಗಳಿದ್ದು ಯಾರನ್ನ್ರೀ?”

ಯಜಮಾನರು ಒಳಗೆ ನುಗ್ಗಿದರು. “ಏನಯ್ಯಾ ಇದು?”

“ಕಾದಂಬರಿ ಸಾರ್. ನೈನ್ತ್ ಫೇಲಾದೋನು ಬರೆದಿದ್ದು, ಯಾರು ನಂಬ್ತಾರೆ?”

ಏಪ್ರನ್ ಬಿಚ್ಚಿ ಟ್ಯಾಬ್ಲೆಟ್ಟಿಗೆ ತೂಗುಹಾಕಿ ಹೊರಟೆ. ಮುಂದಿನ ಶನಿವಾರ ಅಲ್ಲಿಂದ ಹಾದುಹೋದಾಗ ಬೋರ್ಡ್ ಇರಲಿಲ್ಲ. ಸಂತೋಷವಾಯಿತು, ಮುಚ್ಚಿಡುವುದಿಲ್ಲ.

ಕೆಲಸ ಕಲಿಸಿದ್ದು ಇಷ್ಟು. ನೋಟ್ಸನ್ನು ಸ್ವಂತ ಅಕೌಂಟಿನಲ್ಲಿಡಬೇಕು. ಪ್ರೀತಿಸಿದವರ ಮಾತು ನೋಟ್ಸ್ ಇಲ್ಲದೆಯೂ ನೆನಪಿರುತ್ತದೆ. ಕಣ್ಣಿಟ್ಟು ಬರೆದುಕೊಳ್ಳಬೇಕಾದದ್ದು ನಾವು ದ್ವೇಷಿಸುವವರನ್ನು. ಇಲ್ಲದಿದ್ದರೆ ಪಾತ್ರ ಬರೀ ಬೈಗುಳವಾಗುತ್ತದೆ, ಓದಿದವರು ನಂಬುವುದಿಲ್ಲ.

ಈಗ ನನಗಿರುವುದು: ಹಿಲ್ಸ್‌ಬರೋ ಎಂಬ ಇನ್ನೊಂದು ಊರಿನಲ್ಲಿ ಬಾಡಿಗೆಯ ಒಂದು ಅಡುಗೆಮನೆ, ಎರಡು ಕಾವಲಿ, ನನ್ನದೇ ಹೆಸರಿನ ಒಂದು ಫೋನು, ಮುಗಿದ ಒಂದು ಕಾದಂಬರಿ. ಯಜಮಾನರಿಗೆ ಕೊಡಲು ಕ್ಷಮೆ, ಒಂದೂ ಇಲ್ಲ.