ಅಂಜಿನಪ್ಪಣ್ಣನ ಎಡಗೆನ್ನೆ

ನಮ್ಮ ಕೊಡಿಗೇಹಳ್ಳಿಯಲ್ಲಿ ಅಂಜಿನಪ್ಪಣ್ಣ ನಾದಸ್ವರ ಊದದೆ ತಾಳಿ ಕಟ್ಟಿಸಿಕೊಂಡ ಹೆಣ್ಣುಮಗಳೇ ಇರಲಿಲ್ಲ. ಅಂಥವರನ್ನು ಲಸಿಕೆ ಶಿಬಿರದ ಉದ್ಘಾಟನೆಗೆ ಊದಲು ಕರೆಸಿದವನು ಬೀದಿಯ ಪುಢಾರಿ ಮಹಾಲಿಂಗಪ್ಪ. ಕೊರೊನಾ ಕಾಲದಲ್ಲಿ ಜನ ಲಸಿಕೆಗೆ ಸಾಲು ನಿಂತಿದ್ದಾಗ, ಅದನ್ನು ತಾನೇ ಕಂಡುಹಿಡಿದವನಂತೆ ಬ್ಯಾನರ್ ಕಟ್ಟಿಸಿದ್ದ. ಅಂಜಿನಪ್ಪಣ್ಣ ಊದಿದರು, ಮೊದಲ ಸೂಜಿಯನ್ನೂ ಚುಚ್ಚಿಸಿಕೊಂಡರು. ಫೋಟೊದಲ್ಲಿ ಮಾತ್ರ ಮಹಾಲಿಂಗಪ್ಪನೇ ತುಂಬಿಕೊಂಡಿದ್ದ.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಅಂಜಿನಪ್ಪಣ್ಣ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನಾಗಿ ಸುರಿಯಿತು. ಎಡಗಣ್ಣು ಮುಚ್ಚಲಿಲ್ಲ, ಬಾಯಿ ಬಲಕ್ಕೆ ಎಳೆದುಕೊಂಡಿತ್ತು. ಹೆಂಡತಿ ಅಂಜಿನಮ್ಮ ಅವತ್ತೇ ಆಸ್ಪತ್ರೆಗೆ ಎಳೆದುಕೊಂಡು ಹೋದರು.

"ಪಾರ್ಶ್ವವಾಯು ಅಲ್ಲ, ಮುಖದ ನರ ಊದ್ಕೊಂಡಿದೆ," ಅಂದರು ಡಾಕ್ಟರು. "ಲಸಿಕೆ ಆದ್ಮೇಲೆ ಎಲ್ಲೋ ಒಬ್ಬೊಬ್ರಿಗೆ ಹೀಗಾಗತ್ತೆ. ಆದ್ರೆ ಅದ್ರಿಂದ್ಲೇ ಬಂತು ಅಂತ ಹೇಳಕ್ಕಾಗಲ್ಲ, ಹಾಕಿಸ್ಕೊಳ್ದೇ ಇರೋರಿಗೂ ಬರತ್ತೆ. ಬೇಗ ಬಂದಿದೀರ, ಮಾತ್ರೆ ತಗೊಳ್ಳಿ. ತಿಂಗಳುಗಟ್ಟಲೆ ಹಿಡೀಬಹುದು, ಸಾಮಾನ್ಯವಾಗಿ ಸರಿಹೋಗತ್ತೆ."

ಇಷ್ಟು ನೆಟ್ಟಗಿನ ಮಾತು ನಮ್ಮೂರಿಗೆ ಎಲ್ಲಿ ಸಾಕಾದೀತು? ಮಹಾಲಿಂಗಪ್ಪ ಓಡಿಬಂದ. "ಯಾರಾದ್ರೂ ಕೇಳಿದ್ರೆ ಫ್ಯಾನ್ ಗಾಳಿಗೆ ಇಂಗಾಯ್ತು ಅನ್ನು." ಅವನ ಎದುರುಪಾರ್ಟಿಯ ಚಿಕ್ಕಬೈರಪ್ಪ ಮೊಬೈಲ್ ಹಿಡಿದು ಬಂದ. "ಲಸಿಕೆಯಿಂದ್ಲೇ ಆಯ್ತು ಅಂತ ಒಂದ್ ಮಾತು ಅಂದ್ಬಿಡಣ್ಣ, ಲೈವ್ ಬಿಡ್ತೀನಿ." ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಇಬ್ಬರಲ್ಲಿ ಒಬ್ಬನಾದರೂ, ಊಟ ಹೇಗಪ್ಪ ಮಾಡ್ತೀಯ ಅಂತ ಕೇಳಿದನೇ? ಥೂ!

ಅಂಜಿನಪ್ಪಣ್ಣನಿಗೆ ಇದ್ದದ್ದು ಒಂದೇ ದಿಗಿಲು. ಊದಿದರೆ ಗಾಳಿ ಎಡಗಡೆ ಸೋರಿ ಪುಸ್ಸೆನ್ನುತ್ತಿತ್ತು. ಮುಂದಿನ ತಿಂಗಳು ಮಹಾಲಿಂಗಪ್ಪನ ಮಗಳು ಸಂಯುಕ್ತಾಳ ಮದುವೆ. "ಒಂದ್ಸಲ ನನ್ನ ಬಿಟ್ಟು ಮದ್ವೆ ನಡೆದೋದ್ರೆ, ಆಮೇಲೆ ಯಾರೂ ಕರೆಯಾಕಿಲ್ಲ ಕಣೇ," ಎಂದು ಹೆಂಡತಿಯ ಮುಂದೆ ಅತ್ತೇಬಿಟ್ಟರು. ಹೆದರಿದಂತೆಯೇ ಆಯಿತು.

"ಶುಭಕಾರ್ಯ, ಸೊಟ್ಟ ಮುಖ ಮಂಟಪದಾಗೆ ಬ್ಯಾಡ. ವಾಲಗಕ್ಕೆ ಪೆನ್‌ಡ್ರೈವ್ ಆಕುಸ್ತೀನಿ, ನೀನು ಊಟಕ್ ಬಾ," ಅಂದ ಮಹಾಲಿಂಗಪ್ಪ. ಶಿಬಿರಕ್ಕೆ ಬೇಕಾಗಿದ್ದ ಮುಖ ಮಂಟಪಕ್ಕೆ ಅಪಶಕುನವಾಯಿತು, ನೋಡಿ.

ಊಟಕ್ಕೇ ಹೋದರು. ಅಂಜಿನಮ್ಮ ಹಠ ಹಿಡಿದು ನಾದಸ್ವರವನ್ನೂ ಚೀಲದಲ್ಲಿ ಹೊರಿಸಿದ್ದರು. ಮುಹೂರ್ತ ಬಂತು. ತಾಳಿ ಕಟ್ಟುವಾಗ ಕೆಟ್ಟ ಸದ್ದು ಯಾವುದೂ ಕಿವಿಗೆ ಬೀಳಬಾರದೆಂದೇ ವಾದ್ಯ ಜೋರಾಗಬೇಕು. ಪುರೋಹಿತರು ಬೆರಳೆತ್ತಿ, "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿದರು. ಪೆನ್‌ಡ್ರೈವ್ ತೆಪ್ಪಗಿತ್ತು. ಸೌಂಡ್ ಸಿಸ್ಟಮ್‌ನವನು ಮೊದಲ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಆ ನಿಶ್ಶಬ್ದದಲ್ಲಿ ಯಾರೋ ಗಟ್ಟಿಯಾಗಿ ಸೀನಿದರು. ಮಹಾಲಿಂಗಪ್ಪನ ಮುಖ ಹುಳ್ಳಗಾಯಿತು.

ಅಂಜಿನಪ್ಪಣ್ಣ ತಡೆಯಲಾರದೆ ನಾದಸ್ವರ ಬಾಯಿಗಿಟ್ಟರು. ಪುಸ್! ಅದಕ್ಕೆ ಎರಡೂ ಕೈ ಬೇಕು, ತುಟಿ ಹಿಡಿಯಲು ಮೂರನೆಯದೆಲ್ಲಿ? ಅಂಜಿನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಕ್ಕದಲ್ಲಿ ಕೂತು, ಗಂಡನ ಬಾಯಿಯ ಎಡಮೂಲೆಯನ್ನು ಎರಡು ಬೆರಳಲ್ಲಿ ಅದುಮಿ ಹಿಡಿದರು. ನಾದಸ್ವರ ಛತ್ರದ ಸೂರು ಹಾರುವಂತೆ ಮೊಳಗಿತು.

ಸಂಯುಕ್ತಾಳ ಕೊರಳಿಗೆ ತಾಳಿ ಬೀಳುತ್ತಿತ್ತು. ನಾವೆಲ್ಲ ಅಕ್ಷತೆ ಕೈಯಲ್ಲಿ ಹಿಡಿದು, ಮದುಮಕ್ಕಳನ್ನು ಬಿಟ್ಟು ಇವರಿಬ್ಬರನ್ನೇ ನೋಡುತ್ತ ನಿಂತಿದ್ದೆವು. ಅಂಜಿನಮ್ಮ ಬೆರಳು ಕದಲಿಸದೆ ಗದರಿದರು:

"ಇಲ್ಲೇನ್ ನೋಡ್ತಾ ನಿಂತ್ರಿ? ತಾಳಿ ಅಲ್ಲಿ ಕಟ್ತಾವ್ನೆ, ಅಕ್ಕಿ ಆಕ್ರೋ!"